ತಮಟೆಯ ಅಭಿಮಾನಿ

ಕನ್ನಡದಲ್ಲಿ 'ಅಭಿಮಾನಿ' ಎಂಬ ಮಾತನ್ನು ಸಿನಿಮಾದವರು ಪೂರ್ತಿ ಗುತ್ತಿಗೆಗೆ ಹಿಡಿದುಬಿಟ್ಟಿದ್ದಾರೆ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದರು. ಅದು ಅವರ ದೊಡ್ಡತನ. ಆ ದೇವರುಗಳಲ್ಲಿ ನಮ್ಮ ಕೇರಿಯವರೂ ಇದ್ದರು. ಅವರ ಪಾಲಿಗೆ ಸಿಕ್ಕಿದ್ದು ಕಟೌಟು ಹೊರುವ ಕೆಲಸ. ಆದರೆ ಅಭಿಮಾನಕ್ಕೆ ಇನ್ನೊಂದು ಅರ್ಥ ಉಂಟಲ್ಲ? 'ಅವನಿಗೆ ಅಭಿಮಾನ ಹೆಚ್ಚು, ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೇಳುವವನಲ್ಲ' ಅಂತ ನಮ್ಮ ಹೆಂಗಸರು ಹೇಳುವ ಅಭಿಮಾನ. ನನ್ನ ಮಟ್ಟಿಗೆ ಈ ಎರಡು ಅರ್ಥ ಬೇರೆಬೇರೆಯಾಗಿಯೇ ಇದ್ದವು. ಅವು ಒಂದಾಗಿದ್ದು ಒಂದು ಬ್ಯಾಂಡಿನಿಂದ. ಅದರ ಕತೆ ಹೇಳಬೇಕು.

ನಾನು ಕೊಪ್ಪ ತಾಲ್ಲೂಕಿನ ಭಂಡಿಗಡಿಯವನು. ಮಕ್ಕಳಿಗೆ ಕನ್ನಡ ಕಲಿಸುವ ಮೇಷ್ಟ್ರು. ನಾನು ಅಭಿಮಾನಿಯಾಗಿರುವುದು ಚೆನ್ನೈನ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್'ಗೆ. ಜಾತಿಯಿಲ್ಲದವರ ಕೂಟ ಅಂತ ಅದರ ಅರ್ಥ. ಸಿನಿಮಾ ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಂಸ್ಥೆ ಮತ್ತು ತೆನ್ಮಾ ಎಂಬ ಸಂಗೀತಗಾರ ಕೂಡಿ ಕಟ್ಟಿದ ಬ್ಯಾಂಡು. 2018ರ ಜನವರಿ 6ರಂದು ಚೆನ್ನೈನ ಕೀಳ್ಪಾಕದ ಒಂದು ಶಾಲೆಯ ಮೈದಾನದಲ್ಲಿ ಮೊದಲ ಸಲ ವೇದಿಕೆ ಹತ್ತಿತು. 19 ಜನ. ಸಾಲಾಗಿ ನಿಂತವರೆಲ್ಲ ಬಾಬಾಸಾಹೇಬರ ನೆನಪಿಗೆ ಬೂದು ಬಣ್ಣದ ಸೂಟು ತೊಟ್ಟಿದ್ದರು. ಒಂದು ಕಡೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ ಸೆಟ್ಟು. ಇನ್ನೊಂದು ಕಡೆ ಪರೈ, ಸಟ್ಟಿ, ಕಟ್ಟಮೋಳ. ಪರೈ ಅಂದರೆ ನಮ್ಮ ತಮಟೆಯ ಅಣ್ಣನೋ ತಮ್ಮನೋ. ಹಾಡು ಗಾನಾ ಧಾಟಿಯದು. ಗಾನಾ ಅಂದರೆ ಉತ್ತರ ಮದರಾಸಿನ ಕೊಳೆಗೇರಿಗಳಲ್ಲಿ ಹುಟ್ಟಿದ ಹಾಡು, ಸಾವಿನ ಮನೆಯ ಮುಂದೆ ರಾತ್ರಿಯಿಡೀ ಹಾಡಿಕೊಂಡು ಬಂದದ್ದು.

ಇಂಥ ಬ್ಯಾಂಡಿಗೆ ಪೇಟೆಯ ಹುಡುಗರು 'ಇಂಡಿ' ಅನ್ನುತ್ತಾರೆ. ಸಿನಿಮಾದ ಹಂಗಿಲ್ಲದೆ, ದೊಡ್ಡ ಕಂಪನಿಯ ಹಂಗಿಲ್ಲದೆ ತಮ್ಮ ಹಾಡು ತಾವೇ ಕಟ್ಟಿ ಹಾಡುವವರು ಅಂತ. ಹಾಗೆ ನೋಡಿದರೆ ನಮ್ಮ ದಲಿತ ಸಂಘರ್ಷ ಸಮಿತಿಯ ಹಾಡುಗಾರರಿಗಿಂತ ಇಂಡಿ ಇನ್ನು ಯಾರಿದ್ದಾರು? ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪುಸ್ತಕವಾಗಿ ಬಂದದ್ದು 1975ರಲ್ಲಿ. ಆ ಪುಸ್ತಕ ನೋಡದೆ ಇದ್ದವರೂ ಅದರ ಪದ್ಯ ಹಾಡುತ್ತಿದ್ದರು. ಮೈಸೂರಿನ ಜನಾರ್ಧನ್, ನಮ್ಮೆಲ್ಲರ ಜನ್ನಿ, ಗಂಟಲು ಬಿರಿಯುವ ಹಾಗೆ ಹಾಡಿದರು. ಕೋಲಾರದಲ್ಲಿ ಪಿಚ್ಚಳ್ಳಿ ಶ್ರೀನಿವಾಸ್ ಹಾಡಿದರು. ರೇಡಿಯೋ ಕರೆಯಲಿ ಅಂತ ಅವರು ಕಾಯಲಿಲ್ಲ. ಬಸ್ಸಿನ ಟಾಪಿನಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ, ಕೇರಿಯ ಹುಣಸೆಮರದ ಕೆಳಗೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹಾಡು ದಾಟಿತು. ನನ್ನ ಮೊದಲ ಅಭಿಮಾನ ಅವರ ಮೇಲೆಯೇ. 2021ರ ಜೂನ್ 11ರಂದು ಸಿದ್ಧಲಿಂಗಯ್ಯನವರು ಕೋವಿಡ್‌ನಿಂದ ತೀರಿಕೊಂಡಾಗ ನಮ್ಮ ಮನೆಯಲ್ಲಿ ಆ ದಿನ ಒಲೆ ಹಚ್ಚಲು ಯಾರಿಗೂ ಮನಸ್ಸಾಗಲಿಲ್ಲ.

ಹಾಗಾದರೆ ಗೊತ್ತಿಲ್ಲದ ಭಾಷೆಯ ಬ್ಯಾಂಡು ಯಾಕೆ ಬೇಕಾಯ್ತು? ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದಾರೆ. 'ಎಂತ ಮಾರಾಯ್ರೆ, ತಲೆ ನೆರೆತ ಮೇಲೆ ಬ್ಯಾಂಡಿನ ಹುಚ್ಚು ನಿಮಗೆ?' ಉತ್ತರ ಹೇಳಬೇಕಾದರೆ ನಮ್ಮ ದೊಡ್ಡಪ್ಪನ ವಿಷಯ ಹೇಳಬೇಕು.

ನಮ್ಮ ಮನೆ ತಮಟೆಯ ಮನೆ. ಹಬ್ಬಕ್ಕೆ, ಜಾತ್ರೆಗೆ, ಬೇಟೆಗೆ, ಸಾವಿಗೆ, ಯಾವುದಕ್ಕೆ ಹೇಳಿಕಳಿಸಿದರೂ ದೊಡ್ಡಪ್ಪ ಹೋಗಬೇಕಿತ್ತು. 'ಬರ್ತೀಯಾ' ಅಂತ ಕೇಳುವ ಪದ್ಧತಿ ಇರಲಿಲ್ಲ. 1978ರ ಚಿಕ್ಕಮಗಳೂರು ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತರು, ಎದುರಿಗೆ ವೀರೇಂದ್ರ ಪಾಟೀಲರು. ದೇಶವೇ ನಮ್ಮ ಜಿಲ್ಲೆಯ ಕಡೆ ತಿರುಗಿ ನೋಡಿತು. ಆಗ ದೊಡ್ಡಪ್ಪನೂ ಮೆರವಣಿಗೆಯ ಮುಂದೆ ತಮಟೆ ಹೊಡೆದಿದ್ದಾರೆ. ಯಾವ ಪಕ್ಷದ್ದು ಅಂತ ಕೇಳಿದರೆ, 'ಎರಡರದ್ದೂ ಹೊಡೆದಿದೀನಿ ಮಾರಾಯ, ಹೊಡಿ ಅಂದ್ರು, ಹೊಡೆದೆ' ಅಂತಾರೆ. ತಮಟೆಗೆ ಪಕ್ಷ ಇರಲಿಲ್ಲ. ಅದು ಹಿಡಿದವನಿಗೆ ಬಾಯಿಯೂ ಇರಲಿಲ್ಲ.

ಎಂಬತ್ತರ ದಶಕದ ಒಂದು ಮಳೆಗಾಲ. ಒಂದು ದೊಡ್ಡ ಮನೆಯಲ್ಲಿ ಸಾವಾಯ್ತು. ನಮ್ಮ ಕಡೆ ಮಳೆ ಹಿಡಿದರೆ ತಮಟೆಯ ಚರ್ಮ ನೆನೆದು ಸಡಿಲಾಗುತ್ತದೆ. ಹುಲ್ಲು ಉರಿಸಿ ಕಾಯಿಸದೆ ದನಿ ಹೊರಡುವುದಿಲ್ಲ. ದೊಡ್ಡಪ್ಪ ಕಾಯಿಸಲಿಕ್ಕೆ ಸ್ವಲ್ಪ ಬೆಂಕಿ ಕೇಳಿದರು. ಹೆಣದ ಮನೆಯ ಬೆಂಕಿ ನಿಮಗೆ ಕೊಡುವಂತಿಲ್ಲ ಅಂದರಂತೆ. ದಣಪೆಯ ಆಚೆಗೆ ಮಳೆಯಲ್ಲೇ ನಿಲ್ಲಿಸಿದರು. ಸಡಿಲು ಚರ್ಮದ ಮೇಲೆ ರಾತ್ರಿ ಪೂರಾ ಹೊಡೆದರು. ಬೆಳಗ್ಗೆ ಒಂದು ಹಳೇ ಪಂಚೆ ಎಸೆದರು. ಆ ವರ್ಷವೇ ಸಂಘಟನೆಯ ಹುಡುಗರು ಕೇರಿಗೆ ಬಂದು ಹಾಡಿದ್ದರು, ಬಿಟ್ಟಿ ಚಾಕರಿ ಬಿಡಿ ಎಂದು ಹೇಳಿ ಹೋಗಿದ್ದರು. ದೊಡ್ಡಪ್ಪ ಮನೆಗೆ ಬಂದವರೇ ತಮಟೆಯನ್ನು ಅಟ್ಟಕ್ಕೆ ಹಾಕಿದರು. 'ಇನ್ನು ಈ ಮನೇಲಿ ಇದು ಹೊಡೆಯದಿಲ್ಲ.' ಎರಡು ವರ್ಷ ಅಡಿಕೆ ಕೊನೆ ಕೊಯ್ಲಿಗೆ ಅವರನ್ನು ಯಾರೂ ಕರೆಯಲಿಲ್ಲ. ದೊಡ್ಡಮ್ಮ ಕಾಡಿನ ಗೆಡ್ಡೆ ತಂದು ಬೇಯಿಸಿದರು. ತಮಟೆ ಮಾತ್ರ ಇಳಿಯಲಿಲ್ಲ.

ಇದು ಚಿಕ್ಕ ಸಂಗತಿ ಅಲ್ಲ. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಮಹಾರ್ ವತನ್ ಮಸೂದೆ ಮಂಡಿಸಿದ್ದು ಇಂಥದೇ ವಂಶಪಾರಂಪರ್ಯ ಚಾಕರಿಯಿಂದ ತಮ್ಮ ಜನರನ್ನು ಬಿಡಿಸಲಿಕ್ಕೆ. ನಮ್ಮ ಆಗುಂಬೆ ಘಾಟಿ ಇಳಿದರೆ ಕರಾವಳಿಯಲ್ಲಿ ಕೊರಗರಿದ್ದಾರೆ. ಅವರ ಡೋಲಿನ ಕತೆಯೂ ಇದೇ. ಅವರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಅದೂ 2000ನೇ ಇಸವಿಯಲ್ಲಿ! ಸ್ವಾತಂತ್ರ್ಯ ಬಂದು 53 ವರ್ಷ ಆದ ಮೇಲೆ.

ದೊಡ್ಡಪ್ಪ ತಮಟೆ ಬಿಟ್ಟರು. ಊರು ಬಿಡಲಿಲ್ಲ. ನಾನು ಶಾಲೆಗೆ ಹೋಗುವಾಗ ಹಿಂದಿನ ಬೆಂಚಿನಿಂದ ಹುಡುಗರು ಹಲಗೆ ಬಡಿದು 'ಡಂಡಣಕ ಡಂಡಣಕ' ಅಂತ ರಾಗ ತೆಗೆಯುತ್ತಿದ್ದರು. ಅದು ನನ್ನ ಮನೆತನದ ಹೆಸರಾಗಿತ್ತು. ಹಾಗಾಗಿ ತಮಟೆಯ ದನಿ ಎಲ್ಲಿ ಕೇಳಿದರೂ ಬೆನ್ನು ಬಿಗಿಯುತ್ತಿತ್ತು. ನಮ್ಮ ಸೀಮೆಯಲ್ಲಿ ಯಕ್ಷಗಾನದ ಮೇಳ ಬಂದರೆ ರಾತ್ರಿಯಿಡೀ ಚಂಡೆ. ಚಂಡೆ ಚೆನ್ನಾಗಿ ನುಡಿಸಿದವರಿಗೆ ಶಾಲು, ಹಾರ, ಪತ್ರಿಕೆಯಲ್ಲಿ ಹೆಸರು. ಅದೂ ಚರ್ಮ, ಇದೂ ಚರ್ಮ. ಒಂದಕ್ಕೆ ಶಾಲು, ಇನ್ನೊಂದಕ್ಕೆ ಹಳೇ ಪಂಚೆ. ಮೃದಂಗವೂ ಅಷ್ಟೇ. ಅದರ ಚರ್ಮ ಹದಮಾಡಿ ಬಿಗಿಯುವ ಕೈಗಳು ಯಾರವು ಅಂತ ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕವನ್ನೇ ಬರೆದರು. ದನದ ಚರ್ಮ ಮುಟ್ಟುವ ದಲಿತ ಕ್ರೈಸ್ತ ಕುಟುಂಬಗಳ ಕತೆ ಅದು. ಆ ಪುಸ್ತಕದ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಕಲಾಕ್ಷೇತ್ರದವರು ಕೊನೇ ಗಳಿಗೆಯಲ್ಲಿ ವಾಪಸ್ ಪಡೆದರು. ನಾದ ಬೇಕು, ಚರ್ಮದ ಮಾತು ಬೇಡ.

ಇಷ್ಟೆಲ್ಲ ಹೊತ್ತುಕೊಂಡವನ ಕೈಗೆ 2018ರಲ್ಲಿ ಒಂದು ವಿಡಿಯೋ ಬಂತು. ನಮ್ಮಲ್ಲಿ ಟವರ್ ಸಿಗಬೇಕಾದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಅಲ್ಲಿ ನಿಂತು ನಿಂತು ಅದನ್ನು ಇಳಿಸಿಕೊಂಡು ನೋಡಿದೆ. ಪರೈ ಶುರುವಾದ ಕೂಡಲೇ ಅಭ್ಯಾಸದಂತೆ ಬೆನ್ನು ಬಿಗಿಯಿತು. ಆಮೇಲೆ ಗಿಟಾರು ಸೇರಿತು. ಜನ ಕುಣಿಯಲಿಲ್ಲ, ಸುಮ್ಮನೆ ನಿಂತು ಕೇಳಿದರು. ಆಮೇಲೆ ಚಪ್ಪಾಳೆ. ತಮಟೆಯವನು ನಡುವೇದಿಕೆಯಲ್ಲಿ ನಿಂತಿದ್ದಾನೆ, ಅವನನ್ನು ನೋಡಲಿಕ್ಕೆ ಅಂತಲೇ ಜನ ಬಂದಿದ್ದಾರೆ! ತಮಟೆ ಹಿಂದೆ ಹೆಣವೂ ಇಲ್ಲ, ಪಲ್ಲಕ್ಕಿಯೂ ಇಲ್ಲ. ಸಂಘಟನೆಯ ಹಾಡುಗಾರರ ಕೈಯಲ್ಲೂ ತಮಟೆ ಇತ್ತು ನಿಜ. ಅಲ್ಲಿ ನಾವು ಕೇಳಿದ್ದು ಮಾತನ್ನು, ತಮಟೆ ಅದಕ್ಕೆ ತಾಳ ಕೊಡುತ್ತಿತ್ತು. ಇಲ್ಲಿ ನನಗೆ ಮಾತು ಅರ್ಧಂಬರ್ಧ ತಿಳಿಯುವುದು. ಹಾಗಾಗಿ ನಾನು ತಮಟೆಯನ್ನೇ ಕೇಳಿದೆ, ಹುಟ್ಟಿದ ಮೇಲೆ ಮೊದಲ ಸಲ. ಮೈ ಸಡಿಲಾಯಿತು.

ಮಾತು ತಿಳಿಸಿಕೊಟ್ಟವರು ಪಕ್ಕದ ಕಾಫಿ ತೋಟದ ಲೈನ್ ಮನೆಯ ಒಬ್ಬ ಅಕ್ಕ. ಅವರ ತಾಯಿ ಸಿಲೋನಿನ ಟೀ ತೋಟದಲ್ಲಿ ಹುಟ್ಟಿದವರು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಮೇಲೆ ವಾಪಸ್ ಕಳಿಸಿದ ಲಕ್ಷಾಂತರ ಜನರಲ್ಲಿ ಒಬ್ಬರು. ಬ್ಯಾಂಡಿನ ಹುಡುಗ ಅರಿವು ಹಾಡಿದ್ದನ್ನು ಅಕ್ಕ ಸಾಲು ಸಾಲಾಗಿ ಬಿಡಿಸಿ ಹೇಳುತ್ತಿದ್ದರು. ಅರಿವಿನ ಅಜ್ಜಿ ವಳ್ಳಿಯಮ್ಮಾಳ್ ಕೂಡ ಸಿಲೋನಿನ ತೋಟದಲ್ಲಿ ದುಡಿದವರು. 2021ರ ಮಾರ್ಚಿನಲ್ಲಿ ಅರಿವು ಮತ್ತು ಧೀ ಹಾಡಿದ 'ಎಂಜಾಯ್ ಎಂಜಾಮಿ' ಬಂತು. ಅದರಲ್ಲಿ ಆ ಅಜ್ಜಿಯೇ ಕಾಣಿಸಿಕೊಂಡಾಗ ನಮ್ಮ ಅಕ್ಕ ಫೋನನ್ನು ಎದೆಗೊತ್ತಿಕೊಂಡು, 'ಇದು ನಮ್ಮವ್ವ ಮಾರಾಯ್ರೆ' ಅಂದರು.

ಆ ಹಾಡು ಲೋಕವೆಲ್ಲ ಸುತ್ತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಏನಾಯಿತು? 'ರೋಲಿಂಗ್ ಸ್ಟೋನ್ ಇಂಡಿಯಾ' ಪತ್ರಿಕೆ ಮುಖಪುಟದಲ್ಲಿ ಧೀ ಮತ್ತು ಇನ್ನೊಬ್ಬ ಗಾಯಕನ ಚಿತ್ರ ಹಾಕಿತು. ಅರಿವು ಇಲ್ಲ. ಪಾ. ರಂಜಿತ್ ಎದ್ದು ಕೇಳಿದರು, ಗಲಾಟೆಯಾಯಿತು. ರಾಕ್ ಸಂಗೀತ ತಿಳಿದವರಿಗೆ ಇದು ಹೊಸದೇನಲ್ಲ. ರಾಕ್ ಎಂಬುದೇ ಅಮೆರಿಕದ ಕಪ್ಪು ಜನ ಹೊಲದಲ್ಲಿ, ಚರ್ಚಿನಲ್ಲಿ, ಕೂಲಿ ಬೀದಿಯಲ್ಲಿ ಕಟ್ಟಿದ ಹಾಡಿನ ಮಗು. 'ಹೌಂಡ್ ಡಾಗ್' ಹಾಡನ್ನು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಹೆಂಗಸು 1952ರಲ್ಲಿ ಧ್ವನಿಮುದ್ರಿಸಿದಳು. 1956ರಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದ. ರಾಜನೆಂಬ ಬಿರುದು ಯಾರಿಗೆ ಬಂತು ಅಂತ ಹೇಳಬೇಕಾಗಿಲ್ಲ. ಕಪ್ಪು ಪ್ಯಾಂಥರರ ಹೆಸರನ್ನು ಹಿಡಿದು 1972ರಲ್ಲಿ ಮುಂಬೈಯ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದರು. ಗಿಟಾರು ಪರೈ ಪಕ್ಕದಲ್ಲಿ ಬಂದು ನಿಂತದ್ದೂ ಅದೇ ನೆಂಟಸ್ತನ. ನಮ್ಮ ಪೇಟೆಯ ಮೇಲ್ಜಾತಿ ಹುಡುಗರು ರಾಕ್ ಅಂದರೆ ತಮ್ಮ ಕಾಲೇಜಿನ ಸೊತ್ತು ಅಂದುಕೊಂಡಿದ್ದಾರೆ. ಅದು ನಮ್ಮ ಕಡೆಯದು ಕಣ್ರೋ!

ಹೆಸರಿನದೂ ಒಂದು ಮಾತಿದೆ. 'ಜಾತಿಯಿಲ್ಲದ ತಮಿಳರು' ಎಂಬುದು ಪಂಡಿತ ಅಯೋತಿದಾಸರ ಮಾತು. 1845ರಲ್ಲಿ ಹುಟ್ಟಿ 1914ರಲ್ಲಿ ತೀರಿಕೊಂಡವರು. ನಮ್ಮ ಜನ ಜಾತಿಯ ಹೆಸರು ಬರೆಸದೆ ಹೀಗೆ ಗುರುತಿಸಿಕೊಳ್ಳಬೇಕು ಎಂದರು. ಬಾಬಾಸಾಹೇಬರಿಗಿಂತ ಅರ್ಧ ಶತಮಾನ ಮೊದಲೇ, 1898ರಲ್ಲಿ, ಬೌದ್ಧ ಸಂಘ ಕಟ್ಟಿದರು. ಅವರ ಬೌದ್ಧ ಸಂಘಕ್ಕೆ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಶಾಖೆಯಿತ್ತು. ಅವರು 1907ರಲ್ಲಿ ಶುರುಮಾಡಿದ 'ತಮಿಳನ್' ಪತ್ರಿಕೆ ಅವರ ಕಾಲದ ನಂತರ ಕೆಜಿಎಫ್‌ನಿಂದಲೇ ಬಂತು. ಅಂದರೆ ಆ ಹೆಸರಿನ ಒಂದು ಬೇರು ಕರ್ನಾಟಕದ ನೆಲದ ಕೆಳಗೇ ಇದೆ. ಅದೇ ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರ 'ಆದಿಮ'ದವರು ಹುಣ್ಣಿಮೆಯ ರಾತ್ರಿ ಹಾಡಿದ್ದಾರೆ. ಇದನ್ನೆಲ್ಲ ನನಗೆ ಯಾವ ಪಠ್ಯಪುಸ್ತಕವೂ ಹೇಳಲಿಲ್ಲ. ಬ್ಯಾಂಡಿನ ಹುಚ್ಚು ಹಿಡಿದು ಹುಡುಕಿದ್ದರಿಂದ ತಿಳಿಯಿತು. ಹುಚ್ಚು ಅಂತ ನಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಇನ್ನು ಮನೆಯ ಜಗಳ. 2019ರ ಏಪ್ರಿಲ್ 14ಕ್ಕೆ ಕೇರಿಯಲ್ಲಿ ಸ್ಪೀಕರ್ ಹಾಕಿ ನಾನು ಈ ಹಾಡುಗಳನ್ನು ಕೇಳಿಸಿದೆ. ಹುಡುಗರು ಹುಚ್ಚೆದ್ದು ಕೇಳಿದರು. ನಾವೂ ತಮಟೆ ಕಲಿಯುತ್ತೇವೆ ಅಂದರು. ದೊಡ್ಡಪ್ಪ ಎದ್ದು ಒಳಗೆ ಹೋದರು. ರಾತ್ರಿ ನನ್ನನ್ನು ಕರೆಸಿದರು.

'ನಾನು ಬಿಟ್ಟದ್ದನ್ನ ನೀನು ಮಕ್ಕಳ ಕೈಗೆ ಕೊಡ್ತೀಯನಾ?'

'ಅದು ಬಿಟ್ಟಿ ತಮಟೆ ದೊಡ್ಡಪ್ಪ. ಇದು ಬೇರೆ.'

'ಚರ್ಮಕ್ಕೆ ಗೊತ್ತಾಗ್ತದನಾ ಇದು ಬೇರೆ ಅಂತ? ಊರಿಗೆ ಗೊತ್ತಾಗ್ತದನಾ? ಸೂಟು ಹಾಕ್ಕಂಡು ಮದ್ರಾಸಲ್ಲಿ ಹೊಡೆದ್ರೆ ಚಪ್ಪಾಳೆ. ಇಲ್ಲಿ ಹೊಡಿ ನೋಡನ. ನಾಳೆ ಬೆಳಿಗ್ಗೆ ಹೆಣ ಇಟ್ಕಂಡು ಹೇಳಿಕಳಿಸ್ತಾರೆ.'

ಅವರ ಮಾತು ಸುಳ್ಳಾಗಲಿಲ್ಲ. ಹುಡುಗರು ಚಂದಾ ಎತ್ತಿ ನಾಲ್ಕು ತಮಟೆ ತಂದರು. ಈಗಿನವು, ಕಬ್ಬಿಣದ ಬಳೆ, ಫೈಬರ್ ಹಾಳೆ, ಬೋಲ್ಟು ತಿರುಗಿಸಿ ಬಿಗಿ ಮಾಡುವವು. ಮಳೆಗೆ ಅಂಜುವುದಿಲ್ಲ, ಬೆಂಕಿ ಕೇಳುವುದಿಲ್ಲ. ಸಂಜೆ ಸಂಜೆ ಫೋನ್ ನೋಡಿಕೊಂಡು ಕಲಿತರು. ಮೂರನೇ ತಿಂಗಳಿಗೇ ಒಂದು ಮನೆಯಿಂದ ಆಳು ಬಂದ. 'ಹುಡುಗರು ತಮಟೆ ಹೊಡಿತಾವಂತಲ್ಲ, ಯಜಮಾನ್ರು ತೀರಿಕೊಂಡಿದಾರೆ, ಕಳಿಸಬೇಕಂತೆ.' ಕಳಿಸಬೇಕಂತೆ! ದುಡ್ಡು ಕೊಡುತ್ತೇವೆ ಅಂತಲೂ ಸೇರಿಸಿದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೆ ಆ ದುಡ್ಡು ನಿಜಕ್ಕೂ ಬೇಕಿತ್ತು, ಒಬ್ಬನಿಗೆ ಡಿಪ್ಲೊಮಾ ಪರೀಕ್ಷೆಯ ಫೀಸು ಕಟ್ಟಲಿಕ್ಕಿತ್ತು. ಕೊನೆಗೆ ಅವನೇ ಅಂದ: 'ನಾವು ಬ್ಯಾಂಡಿನವರು. ನಮ್ಮ ಕಾರ್ಯಕ್ರಮಕ್ಕೆ ಹೊಡಿತೀವಿ. ಸಾವಿಗೆ ಬರದಿಲ್ಲ.' ಆಳು ನಕ್ಕು ಹೋದ. ದೊಡ್ಡಪ್ಪ ಜಗುಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಮಾತಾಡಲಿಲ್ಲ. ಪರೀಕ್ಷೆ ಫೀಸನ್ನು ಅವರೇ ಕಟ್ಟಿದ್ದು, ಪಿಂಚಣಿ ದುಡ್ಡಲ್ಲಿ.

ಆಮೇಲೆ ಅವರು ಮೂರು ಕಟ್ಟಳೆ ಹಾಕಿದರು. ಬೇರೆಯವರ ಹೆಣದ ಮುಂದೆ ಹೊಡೆಯಬಾರದು. ಊಟ, ಬಟ್ಟೆ, ಅಕ್ಕಿಗಾಗಿ ಹೊಡೆಯಬಾರದು. ತಮಟೆಯನ್ನು ಕೊಟ್ಟಿಗೆಯಲ್ಲಿ ಇಡಬಾರದು, ನಡುಮನೆಯಲ್ಲಿ ಅಂಬೇಡ್ಕರ್ ಪಟದ ಕೆಳಗೇ ಇಡಬೇಕು. ನಾನು ಎಷ್ಟೋ ಸೆಮಿನಾರಿನಲ್ಲಿ ಕೂತಿದ್ದೇನೆ. ಕಲೆ ಎಲ್ಲಿ ಮುಗಿಯುತ್ತದೆ, ಚಾಕರಿ ಎಲ್ಲಿ ಶುರುವಾಗುತ್ತದೆ ಅಂತ ಇಷ್ಟು ಸರಿಯಾಗಿ ಗೆರೆ ಎಳೆದವರನ್ನು ಕಂಡಿಲ್ಲ.

2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಪೇಪರ್ ಓದಿ ಹೇಳಿದೆ. ದೊಡ್ಡಪ್ಪ ಎರಡು ಸಲ ಓದಿಸಿ, 'ತಮಟೆ ಅಂತಲೇ ಬರೆದಿದಾರನಾ?' ಅಂತ ಕೇಳಿದರು. ಹೌದು ಅಂದೆ. 'ಆ ಮನುಷ್ಯಂಗೆ ಕೊಟ್ಟಿದ್ದು ಒಳ್ಳೇದಾಯ್ತು. ಇನ್ನು ಊರಲ್ಲಿ ಕುರ್ಚಿ ಕೊಡ್ತಾರನಾ ಕೇಳು' ಅಂದರು.

ಒಂದು ವಿಷಯದಲ್ಲಿ ಮಾತ್ರ ದೊಡ್ಡಪ್ಪನಿಗೂ ನಮ್ಮ ಹುಡುಗರಿಗೂ ಒಂದೇ ಮನಸ್ಸಿತ್ತು: ಹೆಣ್ಣುಮಕ್ಕಳು ತಮಟೆ ಮುಟ್ಟುವುದು ಬೇಡ. ಇಲ್ಲಿ ನನ್ನ ತಂಗಿಯ ಮಗಳು ಎದ್ದಳು. ಅವಳು ಇಸೈವಾಣಿಯ ಅಭಿಮಾನಿ. ಗಾನಾ ಗಂಡಸರದೇ ಅಂತಿದ್ದ ಕಡೆ ನುಗ್ಗಿ ಹಾಡಿದ ಹುಡುಗಿ ಇಸೈವಾಣಿ. ಬಿಬಿಸಿಯವರು 2020ರಲ್ಲಿ ಜಗತ್ತಿನ 100 ಹೆಂಗಸರ ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿದರು. ಶಬರಿಮಲೆಗೆ ಹೆಂಗಸರು ಹೋಗಬಹುದು ಎಂದು ಸುಪ್ರೀಂ ಕೋರ್ಟು ಹೇಳಿದ 2018ರಲ್ಲೇ ಆ ಪ್ರಶ್ನೆಯನ್ನು ಅವಳು ಬ್ಯಾಂಡಿನ ಜತೆ ಹಾಡಿದಳು. ಆರು ವರ್ಷ ಬಿಟ್ಟು, 2024ರ ನವೆಂಬರಿನಲ್ಲಿ, ಅದೇ ಹಾಡನ್ನು ಕೆದಕಿ ಅವಳ ಮೇಲೆ ಬೈಗುಳ, ಬೆದರಿಕೆ, ದೂರು. ಹಾಡು ಹಳೆಯದಾದರೂ ಅವರಿಗೆ ನೋವು ಹೊಸದು. ಆ ವಾರ ನಮ್ಮ ಹುಡುಗಿ ಏನೂ ಹೇಳದೆ ನಡುಮನೆಯಿಂದ ತಮಟೆ ತೆಗೆದುಕೊಂಡು ಅಂಗಳಕ್ಕೆ ಬಂದು ಹೊಡೆದಳು. ಲಯ ತಪ್ಪಿತ್ತು. ಯಾರೂ ನಿಲ್ಲಿಸಲಿಲ್ಲ. ಈಗ ತಪ್ಪುವುದಿಲ್ಲ.

ಬ್ಯಾಂಡಿನವರನ್ನು ನಾನು ಎದುರಿಗೆ ಒಂದು ಸಲವೂ ನೋಡಿಲ್ಲ. ಅರಿವು ತನ್ನದೇ ಹಾದಿ ಹಿಡಿದ, ಉಳಿದವರೂ ಬೇರೆ ಬೇರೆ ಹಾಡು ಕಟ್ಟುತ್ತಿದ್ದಾರೆ. ನನ್ನ ಅಭಿಮಾನ ಕಡಿಮೆಯಾಗಿಲ್ಲ. ಪೆನ್‌ಡ್ರೈವಿಗೆ ಹಾಕಿ ನಮ್ಮ ಕಡೆಯ ಆಟೋದವರಿಗೆಲ್ಲ ಹಂಚಿದ್ದೇನೆ. ಕಟೌಟು ನಿಲ್ಲಿಸಲಿಲ್ಲ, ಹಾಲು ಸುರಿಯಲಿಲ್ಲ. ಹಾಡಿದವರ ಹೆಸರು, ಅವರ ಅಜ್ಜಿಯ ಹೆಸರು, ಮಾತು ಕೊಟ್ಟ ಪಂಡಿತರ ಹೆಸರು, ಇಷ್ಟನ್ನು ಮರೆಯದೆ ಹೇಳುವುದು ನಮ್ಮಂಥ ಅಭಿಮಾನಿಗಳ ಕೆಲಸ. ಮುಖಪುಟದಲ್ಲಿ ಬಿಟ್ಟುಹೋದ ಹೆಸರನ್ನು ಕೇರಿಯಲ್ಲಾದರೂ ಉಳಿಸಬೇಕು.

ಹಳ್ಳಿ ಶಾಲೆಗಳ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ತಮಟೆ ಇರಲಿ. ಅತಿಥಿಗಳನ್ನು ಗೇಟಿನಿಂದ ಕರೆತರಲಿಕ್ಕೆ ಬೇಡ. ಅದಕ್ಕೆ ಹತ್ತು ನಿಮಿಷ ವೇದಿಕೆ ಕೊಡಿ, ಹೊಡೆಯುವ ಮಕ್ಕಳ ಹೆಸರು ಮೈಕಿನಲ್ಲಿ ಹೇಳಿ, ಎಲ್ಲ ಕೇರಿಯ ಮಕ್ಕಳೂ ಕಲಿಯಲಿ. ಯಾವ ಮಗು ಬೇಡ ಅನ್ನುತ್ತದೋ ಆ ಮಗುವನ್ನು ಒತ್ತಾಯ ಮಾಡಬೇಡಿ. ಅದರ ಮನೆಯ ಅಟ್ಟದ ಮೇಲೆ ಏನಿದೆಯೋ ನಿಮಗೆ ಗೊತ್ತಿರುವುದಿಲ್ಲ.

ದೊಡ್ಡಪ್ಪ ಇವತ್ತಿನವರೆಗೂ ಹೊಸ ತಮಟೆ ಮುಟ್ಟಿಲ್ಲ. ಮುಟ್ಟಿ ಅಂತ ನಾವೂ ಕೇಳಿಲ್ಲ. ಮಕ್ಕಳು ಅಂಗಳದಲ್ಲಿ ಹೊಡೆಯುವಾಗ ಲಯ ಎಲ್ಲಾದರೂ ಓಡಿದರೆ ಜಗುಲಿಯಿಂದ, 'ನಿಧಾನ, ನಿಧಾನ, ಯಾರೂ ಅಟ್ಟಿಸಿಕೊಂಡು ಬರ್ತಾ ಇಲ್ಲ' ಅನ್ನುತ್ತಾರೆ. ಅಷ್ಟೇ ಹೇಳಿ ಮತ್ತೆ ಎಲೆಗೆ ಸುಣ್ಣ ಹಚ್ಚುತ್ತಾರೆ.